ಒಂದು ಬಿ.ಎಡ್. ಆಗಿರಲಿ

ಕಳೆದ ಬೇಸಗೆಯಲ್ಲಿ ಮಾಗೋಡಿನಲ್ಲಿ ನಮ್ಮ ಸಂಬಂಧಿಕರ ಮನೆಯ ಉಪನಯನ. ಊಟ ಮುಗಿದು ಹೆಂಗಸರೆಲ್ಲ ಒಳಜಗಲಿಯಲ್ಲಿ ಕವಳದ ತಟ್ಟೆ ಇಟ್ಟುಕೊಂಡು ಕುಳಿತಿದ್ದೆವು. ಮಳೆಗಾಲದಲ್ಲಾದರೆ ಆ ಜಗಲಿಗೂ ಕೇಳುವ ಬೇಡ್ತಿ ಹೊಳೆಯ ಸದ್ದು ಬೇಸಗೆಯಾದ್ದರಿಂದ ಅಡಗಿತ್ತು. ಮಾತು ಮಾತ್ರ ಧಾರಾಳವಾಗಿತ್ತು. ಆಗ ಸಂಬಂಧದಲ್ಲಿ ನನಗೆ ತಂಗಿಯಾಗುವ ಒಬ್ಬಳು ಮೆಲ್ಲಗೆ ಪಕ್ಕಕ್ಕೆ ಸರಿದು ಕೇಳಿದಳು.

"ಕೂಸಿಂದು ಡಿಗ್ರಿ ಮುಗತ್ತು ಅಕ್ಕಾ. ಒಂದು ಬಿ.ಎಡ್. ಆಗಿರ್ಲಿ ಹೇಳಿ. ದಿನಾ ಹೋಗವು ಹೇಳಿ ಇಲ್ಯಡ, ದುಡ್ಡು ಕಟ್ಟಿ ಪರೀಕ್ಷೆಗೆ ಹೋದ್ರೆ ಸಾಕಡ. ಅಂಥಾ ಕಾಲೇಜು ಯಾವ್ದಾದ್ರೂ ನಿಂಗೆ ಗೊತ್ತಿದ್ದಾ?"

ಒಳ್ಳೆಯ ಹಲಸಿನ ಹಪ್ಪಳ ಯಾರ ಮನೆಯಲ್ಲಿ ಸಿಗುತ್ತದೆ ಎಂದು ಕೇಳುವ ಧ್ವನಿಯಲ್ಲೇ ಕೇಳಿದಳು. ನಾಚಿಕೆಯಿಲ್ಲ, ಅಳುಕಿಲ್ಲ. ಸುತ್ತ ಕುಳಿತವರಲ್ಲಿ ಒಬ್ಬರೂ ಹುಬ್ಬೇರಿಸಲಿಲ್ಲ. ಬದಲಿಗೆ ಇಬ್ಬರು, ಅಂಥ ಕಾಲೇಜು ಘಟ್ಟದ ಮೇಲೆ ಎಲ್ಲಿದೆ, ಬಯಲುಸೀಮೆಯ ಕಡೆ ಎಲ್ಲಿದೆ, ಎಷ್ಟಕ್ಕೆ ಆಗುತ್ತದೆ ಎಂದು ಹೇಳತೊಡಗಿದರು. ನಾನು, "ಗೊತ್ತಿಲ್ಲೆ. ಗೊತ್ತಿದ್ರೂ ಹೇಳ್ತ್ನಿಲ್ಲೆ" ಎಂದೆ. ಅಷ್ಟಕ್ಕೇ ಜಗಲಿ ತಣ್ಣಗಾಯಿತು. ಹೊರಡುವಾಗ ಯಾರೋ ಹಿಂದಿನಿಂದ, "ಅಕ್ಕೋರಿಗೆ ಪಗಾರ ಬತ್ತು, ಸೊಕ್ಕೂ ಬಂಜು" ಎಂದದ್ದು ಕಿವಿಗೆ ಬಿತ್ತು.

ಅಂದು ಆಡದೆ ಉಳಿದ ಮಾತನ್ನು ಇಲ್ಲಿ ಆಡುತ್ತಿದ್ದೇನೆ. ಓದುವ ನಿಮ್ಮಲ್ಲಿ ಅನೇಕರು ಶಿರಸಿ, ಯಲ್ಲಾಪುರ, ಹಾವೇರಿ, ಗದಗದಂಥ ಊರುಗಳಲ್ಲಿ ಮಗಳ ಡಿಗ್ರಿ ಮುಗಿಯುವುದನ್ನೇ ಕಾಯುತ್ತಿರುವ ತಾಯಂದಿರು ಎಂದು ನನಗೆ ಗೊತ್ತು. ಸಿಟ್ಟು ಬಂದರೆ ಬರಲಿ.

ಮೊದಲಿಗೆ ಆ "ಆಗಿರಲಿ" ಎಂಬ ಶಬ್ದವನ್ನೇ ನೋಡಿ. ಮಗ ಎಂಜಿನಿಯರಿಂಗ್ "ಓದುತ್ತಾನೆ". ಮಗಳಿಗೆ ಬಿ.ಎಡ್. "ಆಗಿರುತ್ತದೆ", ಕಿವಿ ಚುಚ್ಚಿಸಿದ ಹಾಗೆ. ವರನ ಕಡೆಯವರು ಕೇಳಿದರೆ ಹೇಳಲಿಕ್ಕೆ ಒಂದು, ಗಂಡನಿಗೆ ಏನಾದರೂ ಹೆಚ್ಚುಕಡಿಮೆಯಾದರೆ ಕೈಯಲ್ಲಿರಲಿಕ್ಕೆ ಒಂದು. ಜೊತೆಗೆ ಇನ್ನೊಂದು ಮಾತು ಇದ್ದೇ ಇದೆ: ಮಾಸ್ತರಿಕೆ ಹೆಣ್ಣುಮಕ್ಕಳಿಗೆ ಹೇಳಿ ಮಾಡಿಸಿದ ಕೆಲಸ, ಸಂಜೆ ಬೇಗ ಮನೆಗೆ ಬರಬಹುದು, ದಸರೆಗೆ ರಜೆ, ಬೇಸಗೆಗೆ ರಜೆ, ಅಡುಗೆಗೂ ತೊಂದರೆಯಿಲ್ಲ. ಮೂವತ್ತು ವರ್ಷ ಈ ಕೆಲಸ ಮಾಡಿದ ನನಗೆ ಅಡುಗೆಗೆ ತೊಂದರೆಯಾಗದ ಒಂದು ದಿನವೂ ನೆನಪಿಲ್ಲ. ಅದು ಹೋಗಲಿ. ಈ ಮಾತಿನಲ್ಲೆಲ್ಲ ರಜೆ ಬರುತ್ತದೆ, ಅಡುಗೆ ಬರುತ್ತದೆ, ವರ ಬರುತ್ತಾನೆ. ಎದುರಿನ ಬೆಂಚಿನಲ್ಲಿ ಕುಳಿತ ಮಕ್ಕಳು ಮಾತ್ರ ಒಮ್ಮೆಯೂ ಬರುವುದಿಲ್ಲ.

ನಾನು ಬಿ.ಎಡ್. ಮಾಡಿದ್ದು 1993-94ರಲ್ಲಿ, ಧಾರವಾಡದಲ್ಲಿ. ಆಗ ಅದು ಒಂದೇ ವರ್ಷದ ಕೋರ್ಸು. ಶಿರಸಿಯಲ್ಲಿ ಬಿ.ಎ. ಮುಗಿಸಿದ ಹುಡುಗಿಯನ್ನು ಒಬ್ಬಳೇ ಧಾರವಾಡದ ಹಾಸ್ಟೆಲಿಗೆ ಕಳಿಸುವುದಕ್ಕೆ ಅಪ್ಪಯ್ಯ ಒಪ್ಪಿರಲಿಲ್ಲ. ಆಯಿ ತನ್ನ ಎರಡು ಬಳೆ ತೆಗೆದು ಮೇಜಿನ ಮೇಲೆ ಇಟ್ಟ ಮೇಲೆ ಮಾತು ನಿಂತಿತು. ಆ ವರ್ಷ ಅಡಿಕೆಗೆ ಕೊಳೆ ಬಂದಿತ್ತು.

ಅಂದಿನ ತರಬೇತಿ ಬಂಗಾರವಾಗಿತ್ತೆಂದು ನಾನು ಹೇಳಲಾರೆ. ಹೇಳಿದರೆ ನನ್ನ ಜೊತೆಗೆ ಓದಿದವರೇ ನಕ್ಕಾರು. ಪಾಠ ಯೋಜನೆ ಎಂದು ಒಂದೊಂದು ಪಾಠಕ್ಕೆ ಆರಾರು ಪುಟ ಬರೆಯುತ್ತಿದ್ದೆವು. ಸಾಮಾನ್ಯ ಉದ್ದೇಶ, ವಿಶಿಷ್ಟ ಉದ್ದೇಶ, ಜ್ಞಾನ, ತಿಳಿವಳಿಕೆ, ಅನ್ವಯ, ಕೌಶಲ. ಅಮೆರಿಕದ ಬೆಂಜಮಿನ್ ಬ್ಲೂಮ್ ಎಂಬವರು 1956ರಲ್ಲಿ ಮಾಡಿದ ವರ್ಗೀಕರಣವನ್ನು, ಅವರು ಯಾಕೆ ಮಾಡಿದರು ಎಂದು ಕೇಳದೆ, ಗೆರೆ ಎಳೆದ ಕಾಲಮ್ಮುಗಳಲ್ಲಿ ತುಂಬುತ್ತಿದ್ದೆವು. ಚಾರ್ಟು ಬರೆಯಲು ಬಾರದವರಿಗೆ ದುಡ್ಡು ಕೊಟ್ಟರೆ ಬರೆದುಕೊಡುವವರು ಆಗಲೂ ಇದ್ದರು. ಸೂಕ್ಷ್ಮ ಬೋಧನೆ ಎಂದರೆ, ನಮ್ಮಲ್ಲೇ ಒಬ್ಬಳು ಅಕ್ಕೋರಾಗುವುದು, ಉಳಿದ ಒಂಬತ್ತು ಮಂದಿ ಎಂಟನೆಯ ತರಗತಿಯ ಮಕ್ಕಳ ಹಾಗೆ ನಟಿಸುವುದು. ಇಪ್ಪತ್ತೆರಡು ವರ್ಷದ ಹೆಣ್ಣುಮಕ್ಕಳು ಕೈ ಕಟ್ಟಿ "ಹೌದು ಟೀಚರ್" ಎನ್ನುವಾಗ ಎಷ್ಟೋ ಸಲ ಪಾಠ ನಗೆಯಲ್ಲಿಯೇ ಮುಗಿದಿದೆ.

ಆದರೆ ಒಂದು ದಿನದ ಸಂಗತಿ ಹೇಳುತ್ತೇನೆ. ಅಭ್ಯಾಸ ಪಾಠಕ್ಕೆಂದು ಧಾರವಾಡದ ಒಂದು ಹೈಸ್ಕೂಲಿಗೆ ನಮ್ಮನ್ನು ಕಳಿಸಿದ್ದರು. ನನಗೆ ಎಂಟನೆಯ ತರಗತಿ, ಭೂಗೋಲ, ಕರ್ನಾಟಕದ ನದಿಗಳು. ನನಗೆ ಹೆದರಿಕೆಯೇ ಇರಲಿಲ್ಲ, ಜಲಪಾತದ ಊರಿನವಳಲ್ಲವೇ? "ಜಲಪಾತ ನೋಡಿದವರು ಕೈ ಎತ್ತಿ" ಎಂದೆ. ಒಂದು ಕೈಯೂ ಏಳಲಿಲ್ಲ. ಬೇಡ್ತಿ ಸುಮಾರು ಇನ್ನೂರು ಮೀಟರು ಧುಮುಕುವ ನಮ್ಮೂರಿನ ಬಗ್ಗೆ ನಾನು ಹತ್ತು ನಿಮಿಷ ವರ್ಣಿಸಿದೆ, ಕಪ್ಪು ಹಲಗೆಯ ಮೇಲೆ ಚಿತ್ರ ಬರೆದೆ. ಮಕ್ಕಳು ಸುಮ್ಮನೆ ನೋಡುತ್ತಿದ್ದರು, ಬಸ್ಸಿನ ಕಿಟಕಿಯಿಂದ ಯಾರದೋ ಊರನ್ನು ನೋಡಿದ ಹಾಗೆ. ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ನಮ್ಮ ವಿಧಾನದ ಗುರುಗಳು ನನ್ನ ವಹಿಯಲ್ಲಿ ಒಂದೇ ಸಾಲು ಬರೆದರು: ನೀವು ಕಂಡದ್ದನ್ನು ಹೇಳಿದಿರಿ, ಅವರು ಕಂಡದ್ದನ್ನು ಕೇಳಲಿಲ್ಲ.

ಆ ರಾತ್ರಿ ಹಾಸ್ಟೆಲಿನಲ್ಲಿ ಅತ್ತೆ. ಬೆಳಿಗ್ಗೆ ಎದ್ದು ನಕಾಶೆ ಬಿಡಿಸಿ ಕುಳಿತೆ. ಶಾಲ್ಮಲೆ ಹುಟ್ಟುವುದೇ ಧಾರವಾಡದ ಸೋಮೇಶ್ವರ ಗುಡಿಯ ಹತ್ತಿರ. ಮುಂದೆ ಅದು ಬೇಡ್ತಿಗೆ ಕೂಡಿ, ನಮ್ಮ ಮಾಗೋಡಿನಲ್ಲಿ ಧುಮುಕಿ, ಗಂಗಾವಳಿ ಎಂಬ ಹೆಸರಿನಲ್ಲಿ ಸಮುದ್ರ ಸೇರುತ್ತದೆ. ಮರುದಿನದ ಪಾಠದಲ್ಲಿ ಜಲಪಾತದ ಹೆಸರೇ ಎತ್ತಲಿಲ್ಲ. "ನಿಮ್ಮ ಓಣಿಯ ಮಳೆನೀರು ಎತ್ತ ಹರಿಯುತ್ತದೆ?" ಎಂದು ಕೇಳಿದೆ. ಒಬ್ಬ ಹುಡುಗ ಗಟಾರವೆಂದ, ಇನ್ನೊಬ್ಬ ಕೆರೆಯೆಂದ, ಮೂರನೆಯವಳು ಸೋಮೇಶ್ವರದ ಜಾತ್ರೆಗೆ ಹೋದಾಗ ಕಂಡ ಸಣ್ಣ ನೀರಿನ ಹೆಸರು ಹೇಳಿದಳು. ಅಲ್ಲಿಂದ ಬೆರಳು ಹಿಡಿದು ನಡೆಸಿದ ಹಾಗೆ ನಮ್ಮೂರಿನ ತನಕ ಬಂದೆವು. ನಿಮ್ಮೂರಿನ ಮಳೆಯೇ ನಮ್ಮೂರಲ್ಲಿ ಧುಮುಕುವುದು ಎಂದಾಗ ಇಡೀ ತರಗತಿ ಗುಜುಗುಜು ಎಂದಿತು. ಮಾಸ್ತರಿಕೆ ಎಂದರೇನು ಎಂದು ನನಗೆ ತಿಳಿದದ್ದು ಆ ಗುಜುಗುಜಿನಲ್ಲಿ.

ಇದನ್ನು ಯಾಕೆ ಇಷ್ಟು ಉದ್ದ ಹೇಳಿದೆನೆಂದರೆ, "ವಿಷಯ ಗೊತ್ತಿದ್ದರೆ ಸಾಕು, ಬಿ.ಎಡ್. ಎಂಬುದು ಬರೀ ಕಾಗದ" ಎನ್ನುವ ಬುದ್ಧಿವಂತರೂ ಇದ್ದಾರೆ. ನನಗೆ ವಿಷಯ ಗೊತ್ತಿತ್ತಲ್ಲ! ಜಲಪಾತದ ಪಕ್ಕದಲ್ಲೇ ಹುಟ್ಟಿದವಳು. ಆದರೂ ಪಾಠ ನೆಲಕ್ಕೆ ಬಿತ್ತು. ಬಿದ್ದದ್ದನ್ನು ನೋಡಲು ಹಿಂದಿನ ಬೆಂಚಿನಲ್ಲಿ ಒಬ್ಬರು ಕುಳಿತಿದ್ದರು. ತರಬೇತಿ ಎಂದರೆ ಅಷ್ಟೇ: ನಾವು ಬೀಳುವಾಗ ನೋಡುವವರು ಒಬ್ಬರಿರಬೇಕು, ಮರುದಿನ ಮತ್ತೆ ನಿಲ್ಲಲು ಅದೇ ತರಗತಿ ಇರಬೇಕು. ದುಡ್ಡು ಕಟ್ಟಿ ಮನೆಯಲ್ಲಿ ಕುಳಿತವಳಿಗೆ ತಪ್ಪುವುದು ಈ ಬೀಳುವಿಕೆಯೇ. ಅವಳು ಮೊದಲ ಸಲ ಬೀಳುವುದು ಕೆಲಸಕ್ಕೆ ಸೇರಿದ ಮೇಲೆ, ಮಕ್ಕಳ ಮೈಮೇಲೆ.

ಇದು ನಮ್ಮ ಜಗಲಿಯಲ್ಲಿ ಮಾತ್ರ ಗೊತ್ತಿರುವ ಗುಟ್ಟೇನೂ ಅಲ್ಲ. ಸುಪ್ರೀಂ ಕೋರ್ಟು ನೇಮಿಸಿದ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಆಯೋಗ 2012ರಲ್ಲಿಯೇ ವರದಿ ಕೊಟ್ಟಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಅದನ್ನು ಎತ್ತಿ ಹೇಳಿದೆ: ಶಿಕ್ಷಕರ ತರಬೇತಿಯೊಂದನ್ನೇ ನಡೆಸುವ, ಸಂಖ್ಯೆಯಲ್ಲಿ 10,000ವನ್ನೂ ಮೀರಿದ ಸಂಸ್ಥೆಗಳ ಪೈಕಿ ಬಹುಪಾಲು, ತರಬೇತಿಯ ಗೋಜಿಗೇ ಹೋಗದೆ ಪದವಿಯನ್ನು ಬೆಲೆಗೆ ಮಾರುತ್ತಿವೆ ಎಂದು. ದೇಶದ ನೀತಿಯ ಪುಸ್ತಕದಲ್ಲೇ ಹೀಗೆ ಅಚ್ಚಾಗಿರುವಾಗ ನಾನು ಹೇಳಿದರೆ ಸೊಕ್ಕು!

ಆ ವರದಿಯ ಬೆನ್ನಿಗೆ ಹೊಸ ನಿಯಮ ಬಂತು. 2015ರಿಂದ ಬಿ.ಎಡ್. ಎರಡು ವರ್ಷದ್ದಾಯಿತು. ಇಪ್ಪತ್ತು ವಾರ ಶಾಲೆಯಲ್ಲಿ ಇರಬೇಕು, ಮೊದಲ ವರ್ಷ ನಾಲ್ಕು, ಎರಡನೆಯ ವರ್ಷ ಹದಿನಾರು. ಆ ಇಂಟರ್ನ್‌ಷಿಪ್ಪಿಗೆ ನೂರಕ್ಕೆ 90 ಹಾಜರಿ ಕಡ್ಡಾಯ. ಕಾಗದದ ಮೇಲೆ ನೋಡಿದರೆ ನನ್ನ ಕಾಲಕ್ಕಿಂತ ಎಷ್ಟೋ ಉತ್ತಮ. ಒಂದು ಹೆಣ್ಣುಮಗಳು ನಾಲ್ಕು ತಿಂಗಳು ಒಂದೇ ಶಾಲೆಯಲ್ಲಿ ಇದ್ದರೆ ಮಕ್ಕಳ ಹೆಸರು ಕಲಿತಾಳು, ಮನೆ ಕಂಡಾಳು, ಮಳೆ ಬಂದ ದಿನ ಯಾರು ಬರುವುದಿಲ್ಲ, ಯಾಕೆ ಬರುವುದಿಲ್ಲ ಎಂದು ತಿಳಿದಾಳು. ಆದರೆ ಆ ಹಾಜರಿಗೆ ಸಹಿ ಮಾಡುವವರು ಯಾರು? ಶಾಲೆಯ ನಾವೇ.

ಈಗ ನನ್ನ ತಪ್ಪನ್ನೇ ಹೇಳಬೇಕು. ಅದನ್ನು ಮುಚ್ಚಿಟ್ಟು ಬೇರೆಯವರನ್ನು ಬಯ್ದರೆ ನ್ಯಾಯವಾಗದು.

2018ರಲ್ಲಿ ನಾನು ಕೆಲಸ ಮಾಡುತ್ತಿದ್ದ ಹೈಸ್ಕೂಲಿನಲ್ಲಿ ಮುಖ್ಯಾಧ್ಯಾಪಕರ ಹುದ್ದೆ ಖಾಲಿಯಿತ್ತು. ಪ್ರಭಾರ ನನ್ನ ಮೇಲಿತ್ತು. ಇಂಟರ್ನ್‌ಷಿಪ್ಪಿಗೆಂದು ಐದು ಮಂದಿಯ ಹೆಸರು ಬಂತು. ನಾಲ್ವರು ಬಂದರು. ಐದನೆಯವಳು ಮೊದಲ ದಿನ ತಂದೆಯ ಜೊತೆ ಬಂದು, ಕೈಮುಗಿದು, ಮನೆಯ ತೊಂದರೆ ಹೇಳಿ ಹೋದವಳು ಮತ್ತೆ ಬಂದದ್ದು ಹದಿನಾರನೆಯ ವಾರ, ವಹಿಗಳ ಕಟ್ಟು ಹಿಡಿದುಕೊಂಡು. ಅಕ್ಷರ ಅವಳದಾಗಿರಲಿಲ್ಲ. ಕಾಲೇಜಿನಿಂದಲೂ ಫೋನು ಬಂದಿತ್ತು: "ಬಡವರ ಮನೆಯ ಹುಡುಗಿ ಮೇಡಂ, ಭವಿಷ್ಯದ ಪ್ರಶ್ನೆ, ಸ್ವಲ್ಪ ಸಹಕಾರ ಕೊಡಿ." ಭವಿಷ್ಯ ಎಂದಾಗ ನಾನು ಅವಳೊಬ್ಬಳದೇ ಭವಿಷ್ಯವೆಂದು ತಿಳಿದೆ. ಅಂದು ಬಿಸಿಯೂಟದ ಲೆಕ್ಕ, ಎಸ್.ಎಸ್.ಎಲ್.ಸಿ. ಅರ್ಜಿ, ಮೇಲಿನ ಕಚೇರಿಗೆ ಸಂಜೆಯೊಳಗೆ ಕಳಿಸಬೇಕಾದ ಮಾಹಿತಿ ಎಲ್ಲ ಮೇಜಿನ ಮೇಲಿದ್ದವು. ಹದಿನಾರು ವಾರದ ಹಾಜರಿಗೆ ಹತ್ತು ನಿಮಿಷದಲ್ಲಿ ಸಹಿ ಹಾಕಿದೆ. ಶಾಲೆಯ ಮೊಹರು ಕೂಡ ಒತ್ತಿದೆ.

2022ರ ಜೂನಿನಲ್ಲಿ ಅದೇ ಹುಡುಗಿ ಅದೇ ಶಾಲೆಗೆ ಅತಿಥಿ ಶಿಕ್ಷಕಿಯಾಗಿ ಬಂದಳು. ವಿನಯವಂತೆ. ಹೊತ್ತಿಗೆ ಸರಿಯಾಗಿ ಬರುವವಳು. ತರಗತಿಗೆ ಹೋದರೆ ಗೈಡು ನೋಡಿ ನೋಟ್ಸು ಹೇಳುವುದು, ಮಕ್ಕಳು ಬರೆಯುವುದು. ನಲವತ್ತು ನಿಮಿಷವೂ ಅದೇ. ತಲೆ ಎತ್ತಿದರೆ ಯಾರಾದರೂ ಏನಾದರೂ ಕೇಳಿಬಿಟ್ಟಾರು ಎಂಬ ಭಯ. ಎಂಟನೆಯ ತರಗತಿಯಲ್ಲಿ ಗೌಳಿ ದೊಡ್ಡಿಯಿಂದ ಬರುವ ಒಬ್ಬ ಹುಡುಗನಿದ್ದ. ಕನ್ನಡ ಅವನ ಮನೆಮಾತಲ್ಲ, ಬರವಣಿಗೆ ನಿಧಾನ. ಆದರೆ ಕಾಡಿನ ದಾರಿ, ಎಮ್ಮೆಯ ರೋಗ, ಮಳೆಯ ಲಕ್ಷಣ ಕೇಳಿದರೆ ಅವನೇ ನಮಗೆ ಮಾಸ್ತರ. ನೋಟ್ಸು ಅರ್ಧಕ್ಕೇ ನಿಂತಿತೆಂದು ಅವನನ್ನು ದಿನವೂ ಬಾಗಿಲ ಹತ್ತಿರ ನಿಲ್ಲಿಸುತ್ತಿದ್ದಳು. ಅವಳಿಗೆ ಅವನ ಮೇಲೆ ಕೋಪವಿರಲಿಲ್ಲ. ಬೇರೇನು ಮಾಡಬೇಕೆಂದು ಗೊತ್ತಿರಲಿಲ್ಲ. ಸೋಣೆಯ ಹೊತ್ತಿಗೆ ಅವನು ಶಾಲೆ ಬಿಟ್ಟ. ನಾನು ದೊಡ್ಡಿಗೆ ಎರಡು ಸಲ ಹೋಗಿ ಬಂದೆ. ಎರಡನೆಯ ಸಲ ಅವನು ಎಮ್ಮೆ ಹೊಡೆದುಕೊಂಡು ಕಾಡಿಗೆ ಇಳಿದವನು ನನ್ನನ್ನು ನೋಡಿಯೂ ತಿರುಗಲಿಲ್ಲ.

ಆಮೇಲೆ ಒಂದು ಸಂಜೆ ಅವಳನ್ನು ಕೂರಿಸಿಕೊಂಡು ಬಯ್ಯಬೇಕೆಂದೇ ಶುರು ಮಾಡಿದೆ. ಅವಳು ಕೇಳಿಸಿಕೊಂಡು, ಸೆರಗಿನ ತುದಿ ತಿರುಚುತ್ತ ಹೇಳಿದಳು: "ತರಗತಿಯಲ್ಲಿ ನಿಂತರೆ ನನ್ನ ಕೈ ನಡುಗ್ತದೆ ಅಕ್ಕೋರೇ. ಆವತ್ತು ನೀವು, ಬಂದರೆ ಮಾತ್ರ ಸಹಿ ಹಾಕ್ತೇನೆ ಅಂದಿದ್ರೆ ನಾನು ಬರ್ತಿದ್ದೆ. ಯಾರೂ ಬಾ ಅನ್ನಲಿಲ್ಲ."

ಉತ್ತರ ನನ್ನಲ್ಲಿರಲಿಲ್ಲ. ಮರುವಾರದಿಂದ ಅವಳ ಹಿಂದಿನ ಬೆಂಚಿನಲ್ಲಿ ನಾನು ಹೋಗಿ ಕುಳಿತೆ, ಬಿಡುವಿದ್ದಾಗಲೆಲ್ಲ. ಅವಳು ಕಲಿತಳು, ಕಲಿಯುವ ಶಕ್ತಿ ಅವಳಲ್ಲಿ ಧಾರಾಳವಾಗಿಯೇ ಇತ್ತು. ಆ ಹುಡುಗ ಮಾತ್ರ ಬರಲಿಲ್ಲ.

ಈಗ ನೀವು ನನ್ನನ್ನು ಕೇಳಬಹುದು: ಎರಡು ವರ್ಷ ದಿನವೂ ಹೋಗಿ ಬಿ.ಎಡ್. ಮಾಡಿದರೆ ಸಿಗುವುದಾದರೂ ಏನು? ಕೇಳಬೇಕಾದ ಮಾತೇ. ಮಾಗೋಡಿನಿಂದ ಯಲ್ಲಾಪುರಕ್ಕೇ ದಿನಕ್ಕೆ ಸಿಗುವ ಬಸ್ಸು ಬೆರಳೆಣಿಕೆಯವು. ಹಾಸ್ಟೆಲು, ಫೀ, ವಹಿ, ಸಮವಸ್ತ್ರದ ಸೀರೆ ಎಂದು ಎರಡು ವರ್ಷ ಮನೆಯ ಕೈ ಸೋಲುತ್ತದೆ. ಅದು ಮುಗಿದ ಮೇಲೆ ಆರರಿಂದ ಎಂಟನೆಯ ತರಗತಿಗೆ ಕಲಿಸಲು ಟಿ.ಇ.ಟಿ. ಬೇರೆ, 150ಕ್ಕೆ 90 ತೆಗೆಯಬೇಕು. ಒಂದರಿಂದ ಐದಕ್ಕೆ ಬಿ.ಎಡ್. ನಡೆಯದು ಎಂದು 2023ರಲ್ಲಿ ಸುಪ್ರೀಂ ಕೋರ್ಟು ಹೇಳಿಯಾಯಿತು. ಅದು ಸರಿಯೇ, ಪುಟ್ಟ ಮಕ್ಕಳಿಗೆ ಕಲಿಸುವ ವಿದ್ಯೆಯೇ ಬೇರೆ. ಇನ್ನು ನೇಮಕಾತಿ! ಖಾಲಿ ಹುದ್ದೆ ತುಂಬುವ ಬದಲು ಸರಕಾರ ಅತಿಥಿ ಶಿಕ್ಷಕರನ್ನು ಕರೆಯುತ್ತದೆ. ನಮ್ಮ ಕಡೆ ಅತಿಥಿ ಎಂದರೆ ಎಲೆ ಹಾಕಿ ಬಡಿಸುತ್ತೇವೆ. ಈ ಅತಿಥಿಗೆ ತಿಂಗಳಿಗೆ ಹತ್ತು-ಹನ್ನೆರಡು ಸಾವಿರ, ಅದೂ ಕೈಗೆ ಬರುವುದು ಬಂದಾಗ. ಬೇಸಗೆ ರಜೆಗೆ ಅದೂ ಇಲ್ಲ.

2022ರಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿಗೆ ಪರೀಕ್ಷೆ ನಡೆಯಿತು. ಪರೀಕ್ಷೆ ಪಾಸಾಗಿ ಪಟ್ಟಿ ಬಂದ ಮೇಲೆ ಎದ್ದ ಜಗಳ ಯಾವುದು ನೆನಪಿದೆಯೇ? ಮದುವೆಯಾದ ಹೆಣ್ಣುಮಗಳು ಕೊಡಬೇಕಾದ ಜಾತಿ-ಆದಾಯದ ಪ್ರಮಾಣಪತ್ರ ಅಪ್ಪನ ಮನೆಯದೋ ಗಂಡನ ಮನೆಯದೋ ಎಂಬುದು! ಅದು ಹೈಕೋರ್ಟಿನ ತನಕ ಹೋಯಿತು, ನೇಮಕ ತಡವಾಯಿತು. ಅವಳು ಎಷ್ಟು ಚೆನ್ನಾಗಿ ಕಲಿಸುತ್ತಾಳೆ ಎಂದು ಯಾರೂ ಕೇಳಲಿಲ್ಲ. ಅವಳು ಯಾರ ಮನೆಯವಳು ಎಂಬುದೇ ಪ್ರಶ್ನೆಯಾಯಿತು. ಗಂಡಸರ ಅರ್ಜಿಗೆ ಈ ಕಷ್ಟ ಬಂದದ್ದನ್ನು ನಾನು ಕೇಳಿಲ್ಲ.

ಹಾಗಾಗಿ, ದುಡ್ಡು ಕಟ್ಟಿ ಮನೆಯಲ್ಲಿ ಕೂರುವ ಹುಡುಗಿಯನ್ನು ಬರೀ ಸೋಮಾರಿ ಎಂದು ಕರೆಯಲಾರೆ. ಮೇಲಿರುವವರು ಈ ಕೆಲಸಕ್ಕೆ ಕೊಟ್ಟ ಬೆಲೆ ಎಷ್ಟೆಂದು ಅವಳ ಮನೆಯವರು ಲೆಕ್ಕ ಹಾಕಿಯೇ ಕೂರಿಸಿದ್ದಾರೆ. ಆದರೆ ಆ ಲೆಕ್ಕದಲ್ಲಿ ಗೌಳಿ ದೊಡ್ಡಿಯ ಹುಡುಗನನ್ನು ಎಲ್ಲಿ ಬರೆಯುತ್ತೀರಿ, ಅದನ್ನು ಹೇಳಿ. ನಿಮ್ಮ ಮನೆಯ ಎರಡನೆಯ ಮಗ ಹತ್ತನೆಯ ತರಗತಿಯಲ್ಲಿ ಗಣಿತಕ್ಕೆ ಫೇಲಾದಾಗ "ಈಗಿನ ಮಾಸ್ತರರಿಗೆ ಏನೂ ಬರುವುದಿಲ್ಲ" ಎಂದು ಬಯ್ಯುವವರೂ ನೀವೇ ಅಲ್ಲವೇ? ಆ ಮಾಸ್ತರನನ್ನು ಯಾವುದೋ ಊರಿನ ಜಗಲಿಯಲ್ಲಿ ಯಾರೋ ತಾಯಿ ಹೀಗೆಯೇ "ಆಗಿರಲಿ" ಎಂದು ಮಾಡಿ ಕಳಿಸಿದ್ದಾಳೆ.

ಈಗ ಮತ್ತೆ ಹೊಸ ಮಾತು ಹೊರಟಿದೆ. ಶಿಕ್ಷಕರ ತರಬೇತಿಯ ಮೇಲುಸ್ತುವಾರಿಯ ಎನ್.ಸಿ.ಟಿ.ಇ. 2025ರ ಫೆಬ್ರವರಿಯಲ್ಲಿ ಹೊರಡಿಸಿದ ಕರಡಿನಲ್ಲಿ ಒಂದು ವರ್ಷದ ಬಿ.ಎಡ್. ಮರಳಿ ತರುವ ಪ್ರಸ್ತಾಪವಿದೆ. ಕೇಳಿದ ಕೂಡಲೇ ನಮ್ಮ ಕಡೆ ಎಲ್ಲರಿಗೂ ಸಂತೋಷ. ತುಸು ನಿಂತು ಓದಬೇಕು. ಅದು ನಾಲ್ಕು ವರ್ಷದ ಪದವಿ ಇದ್ದವರಿಗೆ, ಇಲ್ಲವೇ ಎಂ.ಎ., ಎಂ.ಎಸ್ಸಿ. ಆದವರಿಗೆ. ಕರ್ನಾಟಕದಲ್ಲಿ ನಾಲ್ಕು ವರ್ಷದ ಪದವಿಯನ್ನು ಕೈಬಿಟ್ಟು 2024ರಲ್ಲಿ ಮೂರು ವರ್ಷಕ್ಕೇ ಮರಳಿದ್ದೇವೆ. ಅಂದರೆ ನಮ್ಮ ಬಿ.ಎ. ಹುಡುಗಿಗೆ ಆ ಬಾಗಿಲು ತೆರೆಯುವುದಿಲ್ಲ. ಅವಳು ಎಂ.ಎ. ಮುಗಿಸಿ ಹೋದರೆ ಒಟ್ಟು ಆರು ವರ್ಷ, ಈಗಿನ ದಾರಿಯಲ್ಲಿ ಐದು. ದಿಲ್ಲಿಯವರ ಲೆಕ್ಕ ಒಂದು, ಬೆಂಗಳೂರಿನವರ ಲೆಕ್ಕ ಇನ್ನೊಂದು. ನಡುವೆ ಸಿಕ್ಕವಳು ಯಲ್ಲಾಪುರದ ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುವವಳು. 2030ರ ಹೊತ್ತಿಗೆ ನಾಲ್ಕು ವರ್ಷದ ಸಂಯೋಜಿತ ಪದವಿಯೇ ಕನಿಷ್ಠ ಅರ್ಹತೆ ಎಂದು ಶಿಕ್ಷಣ ನೀತಿ ಹೇಳುತ್ತದೆ. ಪಿ.ಯು.ಸಿ. ಮುಗಿಸಿದ ಮಾಗೋಡಿನ ಹುಡುಗಿ ಅದಕ್ಕೆ ಎಲ್ಲಿಗೆ ಹೋಗಬೇಕು, ಹಾಸ್ಟೆಲು ಯಾರು ಕೊಡುತ್ತಾರೆ ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಿದರೆ ಒಳ್ಳೆಯದಿತ್ತು. ವರ್ಷ ಒಂದೋ ಎರಡೋ ನಾಲ್ಕೋ ಎಂದು ಎಳೆದಾಡುವವರು ಹಿಂದಿನ ಬೆಂಚಿನಲ್ಲಿ ಕೂರುವವರು ಯಾರು ಎಂದು ಕೇಳುವುದೇ ಇಲ್ಲ. ಕಾಲೇಜಿನಲ್ಲಿ ಕಲಿಸುವವರೇ ಇಲ್ಲದಿದ್ದರೆ, ಶಾಲೆಯ ನಾವು ಸಹಿಯನ್ನು ದಾನ ಮಾಡಿದರೆ, ಹತ್ತು ವರ್ಷ ಮಾಡಿದರೂ ಅಷ್ಟೇ.

ಉಪನಯನದ ಮನೆಯಲ್ಲಿ ನನ್ನ ಮೇಲೆ ಮುನಿದ ತಂಗಿಯ ಮಗಳು ಆಮೇಲೆ ನನಗೆ ಫೋನು ಮಾಡಿದಳು, ತಾಯಿಗೆ ಹೇಳದೆ. "ದೊಡ್ಡಮ್ಮ, ಆನು ಒಂದು ದಿನ ನಿಂಗಳ ಕ್ಲಾಸಲ್ಲಿ ಕೂತ್ಕಂಡು ನೋಡ್ಲಾ? ಎನಗೆ ಆಗ್ತಾ ಇಲ್ಯಾ ಹೇಳಿ ತಿಳ್ಯವು" ಎಂದಳು. ಬಾ ಎಂದೆ. ಬಂದಳು. ಒಂದು ದಿನವೆಂದವಳು ನಾಲ್ಕು ದಿನ ಬಂದಳು. ನಾಲ್ಕನೆಯ ದಿನ ಒಂಬತ್ತನೆಯ ತರಗತಿಗೆ ಅವಳನ್ನೇ ನಿಲ್ಲಿಸಿ, ಸೀಮೆಸುಣ್ಣ ಕೈಗೆ ಕೊಟ್ಟು, ನಾನು ಹಿಂದೆ ಹೋಗಿ ಕುಳಿತೆ. ಪಾಠ ಚೆನ್ನಾಗಿಯೇನೂ ಆಗಲಿಲ್ಲ.

ಈ ವರ್ಷದ ಇಂಟರ್ನ್‌ಷಿಪ್ಪಿಗೆ ನಮ್ಮ ಶಾಲೆಗೆ ಆರು ಮಂದಿಯ ಹೆಸರು ಬಂದಿದೆ, ಬರುತ್ತಿರುವವರು ನಾಲ್ವರು. ಹಾಜರಿ ಪುಸ್ತಕ ನನ್ನ ಕಪಾಟಿನಲ್ಲಿದೆ, ಕೀಲಿ ನನ್ನ ಹತ್ತಿರ ಇದೆ. ಉಳಿದಿಬ್ಬರಿಗೆ ನಾನೇ ಫೋನು ಮಾಡಿ ಬಾ ಎಂದಿದ್ದೇನೆ. ಒಬ್ಬಳು ಸೋಮವಾರದಿಂದ ಬರುತ್ತೇನೆ ಎಂದಿದ್ದಾಳೆ. ಇನ್ನೊಬ್ಬಳ ಪರವಾಗಿ ಕಾಲೇಜಿನಿಂದ ಫೋನು ಬಂತು: ಭವಿಷ್ಯದ ಪ್ರಶ್ನೆ ಮೇಡಂ, ಸ್ವಲ್ಪ ಸಹಕಾರ ಕೊಡಿ ಎಂದು. ಅವಳ ಹೆಸರಿನ ಮುಂದಿನ ಮನೆಗಳನ್ನು ಖಾಲಿ ಬಿಟ್ಟಿದ್ದೇನೆ.